ಕಾಯುವವರ ಡಿಸೆಂಬರ್

‘ಕೆಲಸ ಸಿಕ್ತಾ?’ ಅನ್ನುವ ಪ್ರಶ್ನೆಗೆ ಹೆದರಿ ಮದುವೆ ಮನೆಗೂ ಹೋಗದವರು ನಮ್ಮಲ್ಲಿ ಬಹಳ ಮಂದಿ. ನಮ್ಮ ಲೂಥರನ್ ಸಭೆಯಲ್ಲಿ ಮಾತ್ರ ಈ ತಿಂಗಳು ಅದನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ 4 ಭಾನುವಾರಗಳಿಂದ ಕೂಡಿದ ಆಗಮನ ಕಾಲವಿದು. ಆರಾಧನೆಯಲ್ಲಿ ವಾರಕ್ಕೊಂದು ಮೇಣದಬತ್ತಿ ಹೆಚ್ಚುತ್ತಾ ಹೋಗುತ್ತದೆ.

ಈ ಬತ್ತಿಗಳ ಕಥೆ ನನಗಿಷ್ಟ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶರ್ನ್‌ಗೆ ‘ಹಬ್ಬ ಯಾವಾಗ?’ ಎಂದು ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಆತ ಗಾಡಿಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದ: ಭಾನುವಾರಗಳಿಗೆ 4 ದೊಡ್ಡವು, ಉಳಿದ ದಿನಗಳಿಗೆ 20 ಚಿಕ್ಕವು. ದಿನಕ್ಕೊಂದು ಹಚ್ಚಿದರೆ ಹಬ್ಬಕ್ಕೆ ಎಷ್ಟು ದಿನ ಉಳಿಯಿತೆಂದು ಕಣ್ಣಿಗೇ ಕಾಣುತ್ತಿತ್ತು. ನೇಮಕಾತಿ ಫಲಿತಾಂಶಕ್ಕೂ ಇಂಥದ್ದೊಂದು ಚಕ್ರ ಇದ್ದಿದ್ದರೆ! ಎಷ್ಟು ಬತ್ತಿ ತರಬೇಕೆಂದು ಆಯೋಗಕ್ಕೂ ಗೊತ್ತಿರಲಿಕ್ಕಿಲ್ಲ.

ಮುಂದಿನ ವಾರದಿಂದ ರಾತ್ರಿ ಮನೆಮನೆಗೆ ಕ್ಯಾರಲ್ಸ್. ಯಾವ ಬೀದಿ ಯಾವ ದಿನ, ಮಾತ್ರೆ ನುಂಗಿ ಬೇಗ ಮಲಗುವ ಅಜ್ಜಿಯ ಮನೆಗೆ ಎಷ್ಟು ಗಂಟೆಗೆ, ಗಿಟಾರ್ ಯಾರದು, ಕ್ರಿಸ್‌ಮಸ್ ತಾತನ ವೇಷ ಯಾರಿಗೆ ಎಂಬ ಪಟ್ಟಿ ಬರೆಯುವುದು ಕೆಲಸ ಹುಡುಕುತ್ತಿರುವ ನಾವು ಮೂವರು. ಬಂದ ಕಾಣಿಕೆಯ ಲೆಕ್ಕವೂ ನಮ್ಮದೇ. ಆ ಹಣ ಓದುವ ಮಕ್ಕಳ ಪರೀಕ್ಷಾ ಶುಲ್ಕಕ್ಕೆ ಹೋಗುತ್ತದೆ. ನನ್ನ ಕೊನೆಯ ಸೆಮಿಸ್ಟರ್ ಫೀಸು ಕಟ್ಟಿದ್ದೂ ಅದರಿಂದಲೇ. ಹಾಗಾಗಿ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೂ ಮತ್ತೆ ಎಣಿಸುತ್ತೇನೆ.

ಡಿಸೆಂಬರ್ 31ರ ರಾತ್ರಿ ವರ್ಷಾಂತ್ಯದ ಆರಾಧನೆ. ಅದಕ್ಕೂ ಮೊದಲು 25ರ ಮಧ್ಯಾಹ್ನ ಊಟ. ಯಾವ ಧರ್ಮದವರೂ ಬರಬಹುದು. ಬೇಗ ಬಂದವರ ಕೈಗೆ ಸೌಟು ಕೊಡುತ್ತೇವೆ.