ಪೇಟೆಯಲ್ಲಿ ‘ಕಮಲಾ’, ಮನೆಯಲ್ಲಿ ಕಿತ್ತಳೆ

ಕೂನೂರು: ‘ಎರಡು ಹೇರಳೆಕಾಯಿ ತಂದು ಚಿತ್ರಾನ್ನ ಮಾಡೇ’ ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಹೇಳಿದರೆ, ಇಲ್ಲಿನ ಮಾರ್ಕೆಟ್‌ನಲ್ಲಿ ಆ ಹೆಸರು ನಡೆಯದು. ‘ನಾರ್ತಂಗಾಯ್’ ಅನ್ನಬೇಕು. ಕಿತ್ತಳೆಗೆ ‘ಕಮಲಾ ಆರೆಂಜ್’, ಮೋಸಂಬಿಗೆ ‘ಸಾತ್ತುಕುಡಿ’. ತಮಿಳು ಶಾಲೆಗೆ ಹೋಗುವ ಮಕ್ಕಳಿಗೆ ಪೇಟೆಯ ಹೆಸರೇ ಸಲೀಸು. ಹೆಸರು ಹೋದರೆ ಅದರ ಹಿಂದಿನ ಅಡುಗೆಯೂ ಹೋದೀತು ಎಂಬುದು ಗಡಿಯಾಚೆಯ ಕನ್ನಡ ಮನೆಗಳ ಆತಂಕ.

ಹೆಸರು ಗೊಂದಲವಾದರೆ ಸಿಪ್ಪೆ ನೋಡಬೇಕು. ಸಡಿಲವಾಗಿದ್ದು, ಉಗುರು ತಾಗಿಸಿದರೆ ಬಿಡಿಸಿಕೊಂಡು ಬರುವುದು ಕಿತ್ತಳೆ. ಕೊಡಗಿನದೂ ನಾಗಪುರದ ಸಂತ್ರವೂ ಇದೇ ಬಳಗ. ಸಿಪ್ಪೆ ತೊಳೆಗೆ ಅಂಟಿಕೊಂಡಿದ್ದರೆ ಮೋಸಂಬಿ ಅಥವಾ ಸಾತ್ತುಕುಡಿ. ಮೋಸಂಬಿಯನ್ನು ಇಂಗ್ಲಿಷಿನಲ್ಲಿ ‘ಸ್ವೀಟ್ ಲೈಮ್’ ಎಂದು ಕರೆದರೂ ಅದು ನಿಂಬೆಯಲ್ಲ, ಸಿಹಿ ಕಿತ್ತಳೆಯ ಒಂದು ತಳಿ.

ಕೂನೂರಿನಲ್ಲಿ ‘ಆರೆಂಜ್ ಗ್ರೋವ್ ರೋಡ್’ ಎಂಬ ರಸ್ತೆಯೇ ಇದೆ. ನೀಲಗಿರಿಯ ಕೆಳ ಇಳಿಜಾರುಗಳಲ್ಲೂ ಕೊಡಗು, ವಯನಾಡಿನಂತೆ ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆಯುವುದು ಹಳೆಯ ರೂಢಿ. ಆದರೆ ಗ್ರೀನಿಂಗ್ ರೋಗ ಈ ಬೆಳೆಯ ಬೆನ್ನು ಮುರಿಯಿತು. ಎಳೆ ಚಿಗುರಿನ ರಸ ಹೀರುವ ಪುಟ್ಟ ಕೀಟ ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಒಮ್ಮೆ ತಗುಲಿದರೆ ಗುಣಪಡಿಸುವ ಮದ್ದಿಲ್ಲ. ಕೊಡಗಿನ ಕಿತ್ತಳೆಗೆ 2006ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತಾದರೂ ಅಷ್ಟರಲ್ಲಿ ಎಷ್ಟೋ ತೋಟಗಳಿಂದ ಮರಗಳೇ ಮಾಯವಾಗಿದ್ದವು.

ಸಿಪ್ಪೆ ಬಿಸಾಡಬೇಡಿ

ಹಣ್ಣು ತಿಂದು ಸಿಪ್ಪೆ ಎಸೆಯುವವರಿಗೆ ಗೊಜ್ಜಿನ ರುಚಿ ತಿಳಿಯದು. ಮೊದಲು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಅಂಗಡಿ ಹಣ್ಣಿಗೆ ಮೇಣ, ಔಷಧಿ ಹಚ್ಚಿರಬಹುದು. ಒಳಗಿನ ಬಿಳಿ ಪೊರೆ ಕೆರೆದು, ಸಣ್ಣಗೆ ಹೆಚ್ಚಿ, ಒಂದು ಕುದಿ ಬರಿಸಿ ಆ ನೀರು ಚೆಲ್ಲಿದರೆ ಕಹಿ ತಗ್ಗುತ್ತದೆ. ಸಾಸಿವೆ, ಇಂಗಿನ ಒಗ್ಗರಣೆಯಲ್ಲಿ ಬಾಡಿಸಿ, ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗಟ್ಟಿಯಾಗುವತನಕ ಕುದಿಸಿದರಾಯಿತು. ಚಳಿಗೆ ಬಿಸಿ ಅನ್ನ, ತುಪ್ಪದ ಜತೆ ಬೇರೇನೂ ಬೇಡ! ಬಿಳಿ ಪೊರೆಯೂ ದಂಡವಲ್ಲ. ಅದರಲ್ಲಿರುವ ಪೆಕ್ಟಿನ್‌ನಿಂದಲೇ ಮಾರ್ಮಲೇಡ್ ಗಟ್ಟಿಯಾಗುವುದು.

ಘಮ ಇರುವುದು ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳಂಥ ಎಣ್ಣೆಚೀಲಗಳಲ್ಲಿ. ನೀಲಗಿರಿ ಎಣ್ಣೆಯನ್ನು ಎಲೆಗೆ ಹಬೆ ಹಾಯಿಸಿ ಇಳಿಸಿದರೆ, ಕಿತ್ತಳೆ ಎಣ್ಣೆಯನ್ನು ಸಾಮಾನ್ಯವಾಗಿ ಸಿಪ್ಪೆ ಒತ್ತಿ ತೆಗೆಯುತ್ತಾರೆ. ಇದರಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಲಿಮೊನೀನ್ ಎಂಬ ವಸ್ತು. ಜಿಡ್ಡು ಬಿಡಿಸುವುದರಿಂದ ಪಾತ್ರೆ, ನೆಲ ಒರೆಸುವ ದ್ರಾವಣಗಳಲ್ಲೂ ಬಳಕೆಯಾಗುತ್ತದೆ. ಸಿಪ್ಪೆಯನ್ನು ದೀಪದ ಬಳಿ ಹಿಂಡಿದರೆ ಭಗ್ಗನೆ ಕಿಡಿ ಹಾರುವುದೂ ಇದರಿಂದಲೇ. ಮಕ್ಕಳ ಆಟ ಸರಿ, ಕಣ್ಣು ಜೋಪಾನ. ಬಾಟಲಿಯ ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಕುಡಿಯಲಂತೂ ಕೂಡದು.

ಎಸೆನ್ಸ್ ಬೇರೆ, ರಸ ಬೇರೆ. ಸ್ಕ್ವಾಷ್ ಎಂದು ಮಾರಬೇಕಾದರೆ ಕನಿಷ್ಠ ಶೇ. 25ರಷ್ಟು ಹಣ್ಣಿನ ರಸವಿರಬೇಕು. ಬಣ್ಣ, ಸಕ್ಕರೆ, ಎಸೆನ್ಸ್ ಬೆರೆಸಿದ ಪಾನೀಯಕ್ಕೆ ಆ ಹೆಸರು ಸಲ್ಲದು. ಲೇಬಲ್ ಓದಿ ಕೊಳ್ಳುವುದು ಲೇಸು. ಇನ್ನು, ಕೊಲೆಸ್ಟರಾಲ್ ಅಥವಾ ಬಿಪಿ ಮಾತ್ರೆ ನುಂಗುವ ಹಿರಿಯರು ಚಕ್ಕೋತ ತಿನ್ನುವ ಮುನ್ನ ಡಾಕ್ಟರನ್ನು ಕೇಳಬೇಕು. ಅದು ಕೆಲವು ಮಾತ್ರೆಗಳ ಪ್ರಭಾವವನ್ನು ಏರುಪೇರು ಮಾಡಬಲ್ಲದು.

ಸಿಪ್ಪೆ ಒಣಗಿಸಿ ಪುಡಿ ಮಾಡಿ ಕಡಲೆಹಿಟ್ಟಿಗೆ ಬೆರೆಸಿ ಸ್ನಾನಕ್ಕೆ ಬಳಸುವವರಿಗೆ ಕೂನೂರಿನಲ್ಲಿ ಒಂದು ಪೇಚು. ಹಿಂಗಾರು ಮಳೆ, ಮಂಜಿನ ದಿನಗಳಲ್ಲಿ ಬಿಸಿಲಿಗಿಟ್ಟ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ. ದಾರಕ್ಕೆ ಪೋಣಿಸಿ ಒಲೆಯ ಮೇಲ್ಭಾಗದಲ್ಲಿ, ಬೆಂಕಿ ತಾಗದಷ್ಟು ಎತ್ತರಕ್ಕೆ ತೂಗುಹಾಕಿದರೆ ನಾಲ್ಕಾರು ದಿನಗಳಲ್ಲಿ ಗರಿಗರಿಯಾಗುತ್ತದೆ.