ಆಟದೊಳಗೊಂದು ಹೊಸ ನಾಡು

ಅಮೆರಿಕದ ಅಲೆಕ್ಸಾಂಡರ್ ವೆಲಿಕಿ 2013ರಲ್ಲಿ ಒಂದು ನಾಡನ್ನೇ ಕಟ್ಟಿ ಮುಗಿಸಿದಾಗ ಅವನಿಗೆ 19 ವರ್ಷ. ನಾಡಿನ ಹೆಸರು ಫಾಲ್ಸ್‌ಕಾರ್. ಅಲ್ಲಿ ಬೆಟ್ಟ, ಊರು, ಗುಹೆ, ಮಾತನಾಡುವ ಜನ ಎಲ್ಲವೂ ಇದ್ದವು. ಆದರೆ ಅದು ಇದ್ದದ್ದು ಕಂಪ್ಯೂಟರಿನಲ್ಲಿ, 'ಸ್ಕೈರಿಮ್' ಎಂಬ ಆಟದ ಒಳಗೆ. ಸುಮಾರು ಎರಡು ಸಾವಿರ ಗಂಟೆ ದುಡಿದು ಮಾಡಿದ್ದನ್ನು ಆತ ಉಚಿತವಾಗಿ ಹಂಚಿದ. ಅದೇ ವರ್ಷ ಬಂಜಿ ಎಂಬ ಆಟ ತಯಾರಿಕಾ ಸಂಸ್ಥೆ ಅವನಿಗೆ ಕೆಲಸ ಕೊಟ್ಟಿತು.

ಸಿದ್ಧ ಆಟಕ್ಕೆ ಆಟಗಾರರೇ ಮಾಡುವ ಇಂಥ ಮಾರ್ಪಾಡಿಗೆ 'ಮಾಡ್' ಎಂದು ಹೆಸರು. ಬೆಥೆಸ್ಡಾ ಸಂಸ್ಥೆಯ ಸ್ಕೈರಿಮ್ 2011ರ ನವೆಂಬರಿನಲ್ಲಿ ಬಂತು. ಘಟಸರ್ಪಗಳು, ಮಂತ್ರವಿದ್ಯೆ, ಹಿಮದ ನಾಡು. ಅದರಲ್ಲಿ ಆಟಗಾರನೇ ಕಥಾನಾಯಕ. ಮೂರು ತಿಂಗಳಲ್ಲೇ ಸಂಸ್ಥೆಯು ಮಾಡ್ ತಯಾರಿಸುವ ಸಲಕರಣೆಯನ್ನೂ ಉಚಿತವಾಗಿ ಕೊಟ್ಟಿತು. ಅಂದಿನಿಂದ ಸಾವಿರಾರು ಮಾಡ್‌ಗಳು ಬಂದಿವೆ. ಹೊಸಬರು ಎಡವುವುದೂ ಇಲ್ಲೇ. ಕಂಡದ್ದನ್ನೆಲ್ಲ ಒಂದೇ ದಿನ ತುಂಬಿಕೊಂಡರೆ ಆಟ ತೆರೆಯುವುದೇ ಇಲ್ಲ.

<b>ಕೆಡುವುದೇಕೆ?</b>

ಆಟವು ತನ್ನ ಫೈಲುಗಳ ಜೊತೆ ಮಾಡ್ ಫೈಲುಗಳನ್ನೂ ಸರದಿಯಂತೆ ಓದುತ್ತದೆ. ಕಪ್ಪುಹಲಗೆಯ ಮೇಲೆ ಒಬ್ಬ ಮೇಷ್ಟರು ಬರೆದುದನ್ನು ಮುಂದಿನ ಪಿರಿಯಡ್ಡಿನವರು ಅಳಿಸಿ ಬರೆಯುವಂತೆ, ಎರಡು ಮಾಡ್‌ಗಳು ಒಂದೇ ಸಂಗತಿಯನ್ನು ಬದಲಿಸಿದರೆ ಕೊನೆಯದರ ಮಾತೇ ನಡೆಯುತ್ತದೆ. ಒಂದು ಮಾಡ್ ಇನ್ನೊಂದನ್ನು ಆಧರಿಸಿದ್ದು, ಆ ಇನ್ನೊಂದು ಇಲ್ಲದಿದ್ದರೆ ಆಟ ಶುರುವಿನಲ್ಲೇ ನಿಂತುಹೋಗಬಹುದು. ಆವೃತ್ತಿಯೂ ಮುಖ್ಯ. 2011ರ ಸ್ಕೈರಿಮ್‌ಗೆ ಮಾಡಿದ ಮಾಡ್ 2016ರ ವಿಶೇಷ ಆವೃತ್ತಿಗೆ ಹೊಂದುತ್ತದೆ ಎನ್ನುವಂತಿಲ್ಲ.

<b>ಆರಂಭ ಹೀಗಿರಲಿ</b>

ಮೊದಲು ಮಾಡ್ ಇಲ್ಲದೆ ಕೆಲವು ದಿನ ಆಡಿ. ಮೂಲ ತಿಳಿಯದೆ ತಿದ್ದುವುದು ಹೇಗೆ? ಉಳಿಸಿಟ್ಟ ಆಟದ ಫೈಲುಗಳ ಪ್ರತಿಯನ್ನು ಬೇರೆ ಕಡೆ ಇಡಿ. ಮಾಡ್‌ಗಳನ್ನು ಕೈಯಾರೆ ಸುರಿಯುವ ಬದಲು ವೋರ್ಟೆಕ್ಸ್ ಅಥವಾ ಮಾಡ್ ಆರ್ಗನೈಸರ್‌ನಂಥ ಉಚಿತ ನಿರ್ವಾಹಕ ತಂತ್ರಾಂಶ ಬಳಸಿ. ಮಾಡ್ ಜೊತೆಗಿನ ಸೂಚನೆಯನ್ನು ಪೂರ್ತಿ ಓದಿ. ಒಮ್ಮೆಗೆ ಒಂದೇ ಮಾಡ್ ಹಾಕಿ, ಹದಿನೈದು ನಿಮಿಷ ಆಡಿ ನೋಡಿ, ಹೆಸರು ಮತ್ತು ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಆಟ ಕೆಟ್ಟರೆ ಕಾರಣ ಆ ಪುಟದಲ್ಲೇ ಸಿಗುತ್ತದೆ.

ಆಟದ ನಡುವೆ ಮಾಡ್ ಕಿತ್ತುಹಾಕುವುದು ಅಪಾಯ. ಉಳಿಸಿದ ಫೈಲಿನಲ್ಲಿ ಅದರ ಕುರುಹು ಉಳಿದುಬಿಡುತ್ತದೆ. ಅದನ್ನು ಹಾಕುವ ಮೊದಲಿನ ಪ್ರತಿಗೆ ಮರಳುವುದೇ ಲೇಸು.

<b>ತಂದೆ ತಾಯಿಯರ ಗಮನಕ್ಕೆ</b>

ಸ್ಕೈರಿಮ್ ಚಿಕ್ಕ ಮಕ್ಕಳ ಆಟವಲ್ಲ. ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ, ಯೂರೋಪಿನಲ್ಲಿ 18 ಮೇಲ್ಪಟ್ಟವರಿಗೆ ಎಂದು ಅದಕ್ಕೆ ದರ್ಜೆ ನೀಡಲಾಗಿದೆ. ಆಟಗಾರರು ಮಾಡಿದ ಮಾಡ್‌ಗಳಿಗೆ ಆ ದರ್ಜೆಯೂ ಅನ್ವಯಿಸದು. ಮಕ್ಕಳು ನೋಡಬಾರದಂಥವೂ ಅಲ್ಲಿವೆ. ಆದ್ದರಿಂದ ಯಾವ ಮಾಡ್ ಹಾಕಬೇಕೆಂಬುದನ್ನು ಮನೆಯಲ್ಲಿ ಜೊತೆಗೆ ಕುಳಿತು ನಿರ್ಧರಿಸುವುದು ಒಳ್ಳೆಯದು. ಅಪರಿಚಿತ ಜಾಗದಿಂದ ಫೈಲು ಇಳಿಸಿದರೆ ವೈರಸ್ ಬರಬಹುದು. ಇನ್ನೊಬ್ಬರ ಮಾಡ್ ಅನ್ನು ಅವರ ಅನುಮತಿಯಿಲ್ಲದೆ ಹಂಚುವುದು ತಪ್ಪೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ಇದೆಲ್ಲ ಕಾಲಹರಣವಲ್ಲವೇ? ಗಂಟೆಗಟ್ಟಲೆ ಮಾಡ್ ಹುಡುಕುವುದೇ ಕೆಲಸವಾದರೆ ಹೌದು. ಆದರೆ ಆಸ್ಟ್ರೇಲಿಯದ ನಿಕ್ ಪಿಯರ್ಸ್ ಎಂಬ ವಕೀಲರು 2015ರಲ್ಲಿ ಮಾಡಿದ 'ದ ಫರ್ಗಾಟನ್ ಸಿಟಿ' ಎಂಬ ಮಾಡ್‌ಗೆ ಮರುವರ್ಷ ಅಲ್ಲಿನ ಬರಹಗಾರರ ಸಂಘದ ಪ್ರಶಸ್ತಿ ಬಂತು. 2021ರಲ್ಲಿ ಅದು ಸ್ವತಂತ್ರ ಆಟವಾಗಿಯೇ ಹೊರಬಂತು.

ಎಲ್ಲರಿಗೂ ಇಂಥ ಭಾಗ್ಯ ಒದಗುವುದಿಲ್ಲ. ಒಂದನ್ನು ಬದಲಿಸಿ, ಫಲ ನೋಡಿ, ಬರೆದಿಡುವ ಅಭ್ಯಾಸ ಮಾತ್ರ ಎಲ್ಲರಿಗೂ ದಕ್ಕುತ್ತದೆ. ಶಾಲೆಯ ಪ್ರಯೋಗಾಲಯ ಕಲಿಸುವುದೂ ಅದನ್ನೇ.