ಕಳ್ಳ ಡಿವಿಆರ್ ಅನ್ನೇ ಹೊತ್ತೊಯ್ದರೆ? ಅಂಗಡಿಗೆ ಸಿಸಿ ಕ್ಯಾಮೆರಾ ಹಾಕಿಸುವ ಮುನ್ನ ಇದನ್ನು ಓದಿ

ದಾವಣಗೆರೆ: 2024ರ ಅಕ್ಟೋಬರ್ ಕೊನೆಯಲ್ಲಿ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕಿಟಕಿ ಮೂಲಕ ನುಗ್ಗಿದ ಕಳ್ಳರು ಗ್ಯಾಸ್ ಕಟರ್ ಬಳಸಿ 17 ಕೆ.ಜಿ.ಗೂ ಹೆಚ್ಚು ಚಿನ್ನ ದೋಚಿದ್ದರು. ಹೋಗುವಾಗ ಖಾರದ ಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಅನ್ನೂ ಎತ್ತಿಕೊಂಡು ಹೋದರು. ಕ್ಯಾಮೆರಾ ಇದ್ದೂ ದೃಶ್ಯ ಸಿಗಲಿಲ್ಲ. ಪೊಲೀಸರು ಪ್ರಕರಣ ಭೇದಿಸಿ ಚಿನ್ನ ವಶಪಡಿಸಿಕೊಂಡಿದ್ದು 2025ರ ಮಾರ್ಚ್‌ನಲ್ಲಿ.

ಬ್ಯಾಂಕಿಗೇ ಹೀಗಾದ ಮೇಲೆ ಮಂಡಿಪೇಟೆ, ಚೌಕಿಪೇಟೆ, ಹರಿಹರದ ಪೇಟೆಯ ಅಂಗಡಿಗಳ ಕತೆ ಏನು? ಎಷ್ಟೋ ಕಡೆ ರೆಕಾರ್ಡಿಂಗ್ ಪೆಟ್ಟಿಗೆ ಗಲ್ಲಾ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವ ಹಾಗೆ ಕೂತಿರುತ್ತೆ. ಹಾಗಾಗಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು, ರೆಕಾರ್ಡಿಂಗ್ ಎಲ್ಲಿ ಉಳಿಯುತ್ತೆ ಅಂತ ಕೇಳಬೇಕು.

ಎರಡು ಕಡೆ ರೆಕಾರ್ಡಿಂಗ್

ನೆಟ್‌ವರ್ಕ್ ಕ್ಯಾಮೆರಾ, ಅಂದರೆ ಐಪಿ ಕ್ಯಾಮೆರಾದ ಲಾಭ ಇರುವುದು ಇಲ್ಲೇ. ಇದರ ರೆಕಾರ್ಡಿಂಗ್ ಪೆಟ್ಟಿಗೆಗೆ ಎನ್‌ವಿಆರ್ ಎನ್ನುತ್ತಾರೆ. ಅದನ್ನು ಒಳಕೋಣೆಯಲ್ಲೋ ಅಟ್ಟದ ಮೇಲೋ ಬೀಗ ಹಾಕಿ ಇಡಬಹುದು; ಒಂದು ಕೇಬಲ್ 100 ಮೀಟರ್‌ವರೆಗೆ ನಡೆಯುತ್ತೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇರುವ ಕ್ಯಾಮೆರಾ ಕೊಂಡರೆ ಪೆಟ್ಟಿಗೆ ಹೋದರೂ ಕಾರ್ಡ್‌ನಲ್ಲಿ ದೃಶ್ಯ ಇರುತ್ತೆ. ಬಾಗಿಲ ಕ್ಯಾಮೆರಾ ಒಂದನ್ನಾದರೂ ಕ್ಲೌಡ್‌ಗೆ ಅಥವಾ ಮನೆಯಲ್ಲಿರುವ ರೆಕಾರ್ಡರ್‌ಗೆ ಜೋಡಿಸಿದರೆ ಇನ್ನೂ ಒಳ್ಳೆಯದು.

ಮುಖ ಗುರುತು ಸಿಗಬೇಕು

ಆಳು ಓಡಾಡಿದ್ದು ಕಂಡರೆ ಸಾಲದು, ಯಾರು ಅಂತ ತಿಳಿಯಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2.8 ಎಂ.ಎಂ. ಲೆನ್ಸ್ ಅಗಲವಾಗಿ ತೋರಿಸುತ್ತೆ, ಆದರೆ ಮುಖ ಸ್ಪಷ್ಟವಾಗಿ ಸಿಗುವುದು ಸುಮಾರು 10 ಅಡಿ ತನಕ ಮಾತ್ರ. 6 ಎಂ.ಎಂ. ಲೆನ್ಸ್ ಆದರೆ 25 ಅಡಿ ಆಸುಪಾಸು, ಆದರೆ ನೋಟ ಕಿರಿದು. ಹಾಗಾಗಿ ಗಲ್ಲಾ ಮೇಲೆ 2.8, ಉದ್ದನೆಯ ಗೋದಾಮಿಗೆ 6 ಸರಿ. ಬಾಗಿಲ ಕ್ಯಾಮೆರಾವನ್ನು ತೀರಾ ಎತ್ತರಕ್ಕೆ ಹಾಕಿದರೆ ಟೋಪಿ, ತಲೆಕೂದಲು ಬಿಟ್ಟು ಬೇರೇನೂ ಕಾಣಲ್ಲ. ಬೀದಿ ಬಿಸಿಲು ನೇರ ಬೀಳುವ ಬಾಗಿಲಿಗೆ ಡಬ್ಲ್ಯುಡಿಆರ್ ಸೌಲಭ್ಯ ಇಲ್ಲದಿದ್ದರೆ ಮುಖ ಕಪ್ಪಾಗಿ ಬರುತ್ತೆ.

30 ದಿನದ ಲೆಕ್ಕ

ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಬರುವ ಸ್ಥಳಗಳಲ್ಲಿ ಕ್ಯಾಮೆರಾ ಹಾಕಿಸಿ, 30 ದಿನದ ದೃಶ್ಯ ಉಳಿಸಿಡಬೇಕು ಎನ್ನುತ್ತದೆ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017. ಸಣ್ಣ ಅಂಗಡಿಗೂ ಈ ಲೆಕ್ಕ ಒಳ್ಳೆಯದೇ; ಸ್ಟಾಕ್ ಕಡಿಮೆ ಆಗಿದ್ದು ತಿಂಗಳ ಕೊನೆಗೇ ಅಲ್ವಾ ಗೊತ್ತಾಗೋದು?

ಎಚ್.265 ತಂತ್ರದಲ್ಲಿ 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ದಿನಪೂರ್ತಿ ಓಡಿದರೆ ಸುಮಾರು 20 ಜಿಬಿ ಬೇಕು. ನಾಲ್ಕು ಕ್ಯಾಮೆರಾಗೆ ತಿಂಗಳಿಗೆ ಸುಮಾರು 2.4 ಟಿಬಿ. ಅಂದರೆ 1 ಟಿಬಿ ಹಾರ್ಡ್‌ಡಿಸ್ಕ್ 12 ದಿನಕ್ಕೇ ತುಂಬಿ, ಹಳೆಯದು ಅಳಿಸಿಹೋಗುತ್ತೆ. 4 ಟಿಬಿ ಹಾಕಿಸುವುದೇ ಕ್ಷೇಮ.

ಕರೆಂಟು, ಪಾಸ್‌ವರ್ಡ್

ಪಿಒಇ ಸ್ವಿಚ್ ಇದ್ದರೆ ಒಂದೇ ಕೇಬಲ್‌ನಲ್ಲಿ ಕರೆಂಟು, ದೃಶ್ಯ ಎರಡೂ ಹರಿಯುತ್ತೆ. ಸ್ವಿಚ್ ಮತ್ತು ಎನ್‌ವಿಆರ್‌ಗೆ ಒಂದು ಯುಪಿಎಸ್ ಕೊಟ್ಟರೆ ಬೆಸ್ಕಾಂ ಕರೆಂಟು ಹೋದಾಗಲೂ, ಕಳ್ಳ ಹೊರಗಿನ ಫ್ಯೂಸ್ ಕಿತ್ತಾಗಲೂ ಕ್ಯಾಮೆರಾ ಕಣ್ಣು ಮುಚ್ಚಲ್ಲ. ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ದೂರ ಹೋದಷ್ಟೂ ಕೈಕೊಡುತ್ತೆ.

ಇಂಟರ್‌ನೆಟ್‌ಗೆ ಜೋಡಿಸಿದ ಕ್ಯಾಮೆರಾಗೆ ಫಿಟಿಂಗ್ ಮಾಡಿದವರು ಕೊಟ್ಟ ಪಾಸ್‌ವರ್ಡ್ ಹಾಗೇ ಬಿಡಬಾರದು, ಅಂದೇ ಬದಲಿಸಬೇಕು. ಇಲ್ಲವಾದರೆ ನಿಮ್ಮ ಗಲ್ಲಾ ಎಣಿಕೆಯನ್ನು ಬೇರೆಯವರೂ ಕೂತಲ್ಲೇ ನೋಡಬಹುದು. 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ನಿಯಮ ಕಡ್ಡಾಯವಾಗಿದೆ. ಕೊಳ್ಳುವಾಗ ಆ ಮಾಡೆಲ್‌ಗೆ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯಾ ಕೇಳಿ, ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿಕೊಳ್ಳಿ.

ಫಿಟಿಂಗ್ ಮುಗಿದ ದಿನವೇ ದುಡ್ಡು ಪೂರ್ತಿ ಕೊಡಬೇಡಿ. ರಾತ್ರಿ ಶಟರ್ ಎಳೆದು, ದೀಪ ಆರಿಸಿ, ಒಬ್ಬರನ್ನು ಬಾಗಿಲಿಂದ ಗಲ್ಲಾವರೆಗೆ ನಡೆಸಿ. ಬೆಳಗ್ಗೆ ಆ ರೆಕಾರ್ಡಿಂಗ್ ಹಾಕಿ ನೋಡಿ. ಮುಖ ಗುರುತು ಸಿಕ್ಕರೆ ಬಾಕಿ ಕೊಡಿ. ಆಮೇಲೂ ತಿಂಗಳಿಗೊಮ್ಮೆ ಹಳೇ ದಿನದ ದೃಶ್ಯ ತೆಗೆದು ನೋಡುವ ಅಭ್ಯಾಸ ಇರಲಿ. ಕಳ್ಳತನ ಆದ ಮೇಲೆ ಡಿಸ್ಕ್ ಖಾಲಿ ಅಂತ ಗೊತ್ತಾದರೆ ಉಪಯೋಗ ಇಲ್ಲ.